‘ಕಾಯುವೆವು’ ಎಂದು ಹಾಡಿ ಕಾಯದೆ ಮುಂದೆ ಹೋದವರಿಗೆ

ಆರಾಧನಾ ಸಂಗೀತ ಸಮಿತಿಯ ಮಾನ್ಯ ಅಧ್ಯಕ್ಷರೇ,

ಎಲ್ಲರನ್ನೂ ಸೇರಿಸಿಕೊಳ್ಳಬೇಕೆಂದು ಸಾರುವ ಹಾಡಿನ ಧ್ವನಿಮುದ್ರಣಕ್ಕೆ ಅಡ್ಡಿಯಾಗುತ್ತಾನೆಂದು ನನ್ನ ತಮ್ಮನನ್ನು ಚರ್ಚಿನ ಸಭೆಯ ನಡುವಿನಿಂದ ಎಬ್ಬಿಸಿ, ಹಿಂದಿನ ಗಾಜಿನ ಕೋಣೆಗೆ ಕಳಿಸಿದ್ದೀರಿ. ಈ ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಬರೆದ ಮೇಲೆ ನಾನೇ ನಾಲ್ಕು ಸಲ ಓದಿದೆ, ಎಲ್ಲೋ ತಪ್ಪು ಬರೆದಿದ್ದೇನೆ ಅನ್ನಿಸಿತು. ಇಲ್ಲ, ಸರಿಯಾಗಿಯೇ ಬರೆದಿದ್ದೇನೆ.

ಈ ಪತ್ರವನ್ನು ಮೊದಲು ನಮ್ಮ ಸಭೆಯ ಮಾಸಪತ್ರಿಕೆಗೇ ಕೊಟ್ಟಿದ್ದೆ. ಆ ತಿಂಗಳ ಮುಖಪುಟದಲ್ಲಿ ‘ನಮ್ಮಲ್ಲಿ ಎಲ್ಲರಿಗೂ ಜಾಗವಿದೆ’ ಎಂದು ಬಣ್ಣಬಣ್ಣದ ಅಕ್ಷರದಲ್ಲಿ ಅಚ್ಚಾಗಿತ್ತು. ಸಂಪಾದಕರು ಪತ್ರ ಓದಿ, ಬಹಳ ವಿಷಾದದಿಂದ, ಈ ತಿಂಗಳು ಜಾಗವಿಲ್ಲ ಎಂದರು. ಮುಂದಿನ ತಿಂಗಳು? ಆಗಲೂ ಇರಲಾರದಂತೆ. ಹಾಗಾಗಿ ಮನೆಯೊಳಗಿನ ಮಾತನ್ನು ಊರಿನ ಪತ್ರಿಕೆಯಲ್ಲಿ ಓದುವ ಕಷ್ಟ ನಿಮಗೆ ಬಂದೊದಗಿದೆ. ಮನ್ನಿಸಬೇಕು.

ನನ್ನ ತಮ್ಮ ಯಾರೆಂದು ನಿಮಗೆ ಸರಿಯಾಗಿ ಗೊತ್ತಿಲ್ಲ. ನೀವು ಸಮಿತಿಗೆ ಬಂದು ಎರಡೇ ವರ್ಷವಾಯಿತು, ಅವನು ಆ ನಾಲ್ಕನೇ ಬೆಂಚಿಗೆ ಬಂದು ಮೂವತ್ತಾರು ವರ್ಷವಾಯಿತು. ಈಗ ಅವನಿಗೆ ನಲವತ್ತಮೂರು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಬಟ್ಟೆ ಮಡಚುವ ಕೆಲಸ. ಅವನು ಮಡಚಿದರೆ ಅಂಚಿಗೆ ಅಂಚು ಕೂತಿರುತ್ತದೆ. ನಾನು ಹೊಲಿಗೆಯವಳು, ಬಟ್ಟೆಯ ವಿಷಯದಲ್ಲಿ ಒಡಹುಟ್ಟಿದವನೆಂದು ಸುಮ್ಮನೆ ಹೊಗಳುವುದಿಲ್ಲ. ನಾಲ್ಕು ವರ್ಷದವನಿದ್ದಾಗ ಜ್ವರ ತಲೆಗೇರಿ ಮಾತು ಹೊರಟುಹೋಯಿತು. ಇನ್ನು ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಅಮ್ಮನಿಗೆ ಹೇಳಿ ಕೈತೊಳೆದುಕೊಂಡರು. ಅವನಿಗೆ ಏಳು ವರ್ಷವಾಗಿದ್ದಾಗ, ಒಂದು ಭಾನುವಾರ, ಹಾಡು ಮುಗಿದು ಎಲ್ಲರೂ ಇನ್ನೇನು ಕೂರಬೇಕು, ಅಷ್ಟರಲ್ಲಿ ನಾಲ್ಕನೇ ಬೆಂಚಿನಿಂದ ‘ಆಮೆನ್’ ಎಂದು ಕೇಳಿಸಿತು. ಎರಡು ತಾಳ ತಡವಾಗಿ ಬಂದಿತ್ತು, ಆದರೆ ಬಂದಿತ್ತು. ಅಮ್ಮ ಬೆಂಚಿನ ಮೇಲೆ ಕುಸಿದು ಗೊಳೋ ಎಂದು ಅತ್ತಳು.

ಆಗ ಆರ್ಗನ್ ನುಡಿಸುತ್ತಿದ್ದವರನ್ನು ನಾವೆಲ್ಲ ಆರ್ಗನ್ ಟೀಚರ್ ಎನ್ನುತ್ತಿದ್ದೆವು. ಮುಂದಿನ ವಾರದಿಂದ ಅವರು ಒಂದು ಪದ್ಧತಿ ಮಾಡಿದರು. ಪ್ರತಿ ಹಾಡಿನ ಕೊನೆಯ ಸ್ವರವನ್ನು ಒತ್ತಿ ಹಿಡಿಯುವುದು, ನನ್ನ ತಮ್ಮನ ದನಿ ಬಂದು ಸೇರಿದ ಮೇಲೆಯೇ ಬೆರಳು ಎತ್ತುವುದು. ಅವನು ಪದವನ್ನು ಮೊದಲು ಕೇಳಬೇಕು, ಆಮೇಲೆ ಹಾಡಬೇಕು, ಅದಕ್ಕೇ ತಡ. ಯಾರೂ ಠರಾವು ಮಾಡಲಿಲ್ಲ, ಉಪಸಮಿತಿ ಕೂರಲಿಲ್ಲ. ಅವನ ಹಾಡು ಮುಗಿಯುವವರೆಗೆ ಸಭೆಯಲ್ಲಿ ಒಬ್ಬರೂ ಕೂರುತ್ತಿರಲಿಲ್ಲ, ಅಷ್ಟೆ. ಎಲ್ಲರೂ ಅವನನ್ನು ‘ಕೊನೇಸಾಲು’ ಎಂದು ಕರೆದರು, ಅವನು ಆ ಹೆಸರಿಗೆ ಹಿಗ್ಗಿದ. ಹಾಡಿದ ಪದ ಅವನಿಗೆ ಮಾತಾಗಿ ದಕ್ಕುತ್ತಿತ್ತು. ‘ನೀರು’ ಹಾಡಿನಿಂದ ಬಂತು, ‘ಬೆಳಕು’ ಹಾಡಿನಿಂದ ಬಂತು. ‘ಅಕ್ಕ’ ಯಾವ ಹಾಡಿನಲ್ಲೂ ಇರಲಿಲ್ಲ, ಅದಕ್ಕೆ ಅವನೇ ಒಂದು ರಾಗ ಕಟ್ಟಿಕೊಂಡ.

ಟೀಚರ ಬೆರಳು ಸೋತವು, ತಾವು ಬಂದಿರಿ. ಬಂದವರೇ ಸಂಗೀತವನ್ನು ಉದ್ಧಾರ ಮಾಡಿದಿರಿ. ನುಡಿಸುವವರೆಲ್ಲರ ಕಿವಿಗೆ ತಾಳ ಹೇಳುವ ಒಂದೊಂದು ಯಂತ್ರ ಸಿಕ್ಕಿಸಿದಿರಿ. ಅದು ಒಳಗೆ ಟಿಕ್ ಟಿಕ್ ಎನ್ನುತ್ತಿರುತ್ತದಂತೆ, ಯಾರಿಗಾಗಿಯೂ ನಿಲ್ಲುವುದಿಲ್ಲವಂತೆ. ಕೀಬೋರ್ಡಿನವಳನ್ನು ಕೇಳಿದೆ, ಪಾಪ ಅವಳಂದಳು: “ಅಕ್ಕಾ, ನನ್ನ ಕೈಲಿ ಏನಿದೆ ಹೇಳಿ? ಕಿವೀಲಿ ಟಿಕ್ ಅಂದ್ರೆ ನಾನು ಮುಂದೆ ಹೋಗ್ಲೇಬೇಕು.” ಆಮೇಲೆ ನ್ಯಾಯ, ಪ್ರೀತಿ, ಎಲ್ಲರನ್ನೂ ಒಳಗೊಳ್ಳುವಿಕೆ ಎಂಬ ಘನ ವಿಷಯಗಳ ಮೇಲೆ ಏಳು ಹೊಸ ಹಾಡುಗಳ ಸಂಪುಟವೆಂದು ಘೋಷಿಸಿದಿರಿ. ಗಾಯನವೃಂದಕ್ಕೆ ಹದಿನಾರು ನಿಲುವಂಗಿ ಹೊಲಿದುಕೊಟ್ಟವಳು ನಾನೇ. ಏಳನೆಯ ಹಾಡು, ‘ಕಟ್ಟಕಡೆಯವ ಬರುವ ತನಕ ಕಾಯುವೆವು, ನಾವು ಕಾಯುವೆವು.’ ನಿಜ ಹೇಳುತ್ತೇನೆ, ಒಳ್ಳೆಯ ಹಾಡು. ಅಭ್ಯಾಸದ ದಿನ ಕೇಳಿ ಕಣ್ಣೊರೆಸಿಕೊಂಡಿದ್ದೆ. ಪೆದ್ದಿ ನಾನು!

ಧ್ವನಿಮುದ್ರಣದ ಮೊದಲ ಭಾನುವಾರ ಹಾಡು ಮುಗಿಯಿತು. ಧ್ವನಿ ಹಿಡಿಯುವ ಯಂತ್ರಕ್ಕೆ ಐದು ಕ್ಷಣದ ನಿಶ್ಶಬ್ದ ಬೇಕೆಂದು ಮೊದಲೇ ಹೇಳಿದ್ದಿರಿ, ಸಭೆಯೆಲ್ಲ ಉಸಿರು ಬಿಗಿಹಿಡಿದು ನಿಂತಿತ್ತು. ಆ ನಿಶ್ಶಬ್ದದಲ್ಲಿ ನನ್ನ ತಮ್ಮ, ತನ್ನ ಸರದಿ ಬಂದಾಗ, ಗಂಟಲು ತುಂಬಿ ಹಾಡಿದ, ‘ಕಾಯುವೆವು.’ ನೀವು ಕಿವಿಯ ಯಂತ್ರ ಕಿತ್ತು ಕಣ್ಣು ಮುಚ್ಚಿಕೊಂಡಿರಿ. ಪ್ರಾರ್ಥನೆಗಾಗಿ ಅಲ್ಲವೆಂದು ಹಿಂದಿನ ಬೆಂಚಿನವರಿಗೂ ತಿಳಿಯಿತು.

ಮುಂದಿನ ಭಾನುವಾರ ನಾನು ಪಕ್ಕದ ಕೋಣೆಯಲ್ಲಿ ಒಬ್ಬ ಗಾಯಕರ ನಿಲುವಂಗಿಗೆ ಗುಂಡಿ ಹಾಕುತ್ತಿದ್ದೆ. ಅದೇ ಹೊತ್ತಿಗೆ, ಎದೆಯ ಮೇಲೆ ‘ಸ್ವಾಗತ’ ಎಂಬ ಬಿಲ್ಲೆ ಧರಿಸಿದ ಹಿರಿಯರೊಬ್ಬರು ಬಂದು, “ಬಾಪ್ಪಾ, ನಿನಗೆ ಒಳ್ಳೇ ಜಾಗ ಇಟ್ಟಿದ್ದೀವಿ,” ಎಂದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವನನ್ನು ಎಬ್ಬಿಸಿಕೊಂಡು ಹೋದರು. ಯಾರು ಕೈಹಿಡಿದರೂ ಹೋಗುವವನು ಅವನು. ನಾನು ಹೊರಗೆ ಬಂದು ನೋಡಿದರೆ, ಅಳುವ ಕೂಸುಗಳನ್ನು ಎತ್ತಿಕೊಂಡ ತಾಯಂದಿರ ನಡುವೆ, ಗಾಜಿನಾಚೆ ನಿಂತು ಹಾಡುತ್ತಿದ್ದಾನೆ. ಬಾಯಿ ಆಡುತ್ತಿದೆ, ದನಿ ಇಲ್ಲ. ಈಚೆ ಕಡೆ ನೀವು ‘ಕಾಯುವೆವು’ ಎಂಬುದನ್ನು ಚೊಕ್ಕವಾಗಿ ಆರು ಸಲ ಮುದ್ರಿಸಿಕೊಂಡಿರಿ.

ನಿಮ್ಮ ಕೋಣೆಗೆ ಬಂದು ಕೇಳಿದೆ. “ನೋಡಮ್ಮಾ, ಇದನ್ನ ಮನಸ್ಸಿಗೆ ಹಚ್ಕೋಬೇಡಿ. ಹಾಡು ಸಾವಿರಾರು ಜನಕ್ಕೆ ತಲುಪ್ಬೇಕು. ಅಲ್ಲೂ ಸ್ಪೀಕರ್ ಹಾಕ್ಸಿದ್ದೀವಲ್ಲ, ಅವರಿಗೆ ಎಲ್ಲಾ ಕೇಳ್ಸುತ್ತೆ,” ಎಂದಿರಿ. ಸ್ವಾಮಿ, ಅವನಿಗೆ ಕೇಳಿಸುವುದಿಲ್ಲ ಎಂದು ಯಾರು ದೂರು ಕೊಟ್ಟರು? ಪಾಸ್ಟರ್ ಹತ್ತಿರ ಹೋದರೆ ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಇಬ್ಬರ ಮಾತಿನಲ್ಲೂ ಅರ್ಥವಿದೆಯಂತೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಒಂದು ಕಸುಬಿನ ಮಾತು ಹೇಳುತ್ತೇನೆ. ಹೊಲಿಗೆಯವರು ಯಾವ ಅಂಗಿಗೂ ಮೈಗೆ ಸರಿಯಾಗಿ ಬಟ್ಟೆ ಕತ್ತರಿಸುವುದಿಲ್ಲ, ಒಳಗೆ ಒಂದಿಷ್ಟು ಬಿಟ್ಟಿರುತ್ತೇವೆ. ಮೈ ಬದಲಾಗುತ್ತದೆ, ಬಿಚ್ಚಿ ಹೊಲಿಯಬೇಕಾಗುತ್ತದೆ. ಕಳೆದ ಎರಡು ವರ್ಷದಲ್ಲಿ ನಿಮ್ಮ ನಿಲುವಂಗಿಯನ್ನು ನಡುವಿನ ಹತ್ತಿರ ಎರಡು ಸಲ ಬಿಚ್ಚಿದ್ದೇನೆ, ಯಾರಿಗೂ ಹೇಳದೆ. ನಿಮ್ಮ ಹೊಟ್ಟೆಗೆ ಬಟ್ಟೆಯಲ್ಲಿ ಅಷ್ಟು ಜಾಗ ಇಡಬಹುದಾದರೆ, ಒಬ್ಬ ಮನುಷ್ಯನ ದನಿಗೆ ಹಾಡಿನಲ್ಲಿ ಎರಡು ತಾಳದ ಜಾಗ ಇಡಲು ಯಾವ ಶಾಸ್ತ್ರ ಅಡ್ಡ ಬಂತು? ಸಾವಿರಾರು ಜನಕ್ಕೆ ತಲುಪಬೇಕಾದ ಪ್ರೀತಿಗೆ ನಾಲ್ಕನೇ ಬೆಂಚು ಅಷ್ಟು ದೂರವೇ?

ನಾನೇನೂ ಸಾಧ್ವಿಯಲ್ಲ. ಒಮ್ಮೆ ಒಬ್ಬ ಗಿರಾಕಿಯ ಮದುವೆಯಲ್ಲಿ, ನಾನು ಹೊಲಿದ ಉಡುಪನ್ನು ಎಲ್ಲರೂ ನೋಡುತ್ತಿದ್ದ ಹೊತ್ತಿನಲ್ಲಿ, ನನ್ನ ತಮ್ಮ ತಡವಾಗಿ ಹಾಡಿದ್ದಕ್ಕೆ ನಾಚಿಕೆಯಾಗಿ ಅವನ ಮಣಿಕಟ್ಟು ಹಿಂಡಿದ್ದೆ. ಆ ದಿನ ಅವನು ನನ್ನ ಮುಖ ನೋಡಿದ್ದು ಇವತ್ತಿಗೂ ಮರೆತಿಲ್ಲ. ಅದಕ್ಕೇ ನಿಮ್ಮ ಮುಜುಗರ ನನಗೆ ಅರ್ಥವಾಗುತ್ತದೆ. ಆದರೆ ನನ್ನ ಮುಜುಗರದ ಮೇಲೆ ನಾನು ಹಾಡು ಕಟ್ಟಿ ಮಾರಲಿಲ್ಲ.

ಈಗ ಮುಖ್ಯ ವಿಷಯ. ಐದು ವಾರದಿಂದ ನನ್ನ ತಮ್ಮ ಹಾಡುತ್ತಿಲ್ಲ. ಬಟ್ಟೆ ಮಡಚುವಾಗ ದಿನವಿಡೀ ಗುನುಗುತ್ತಿದ್ದವನು ಮೂಕನ ಹಾಗೆ ನಿಂತಿರುತ್ತಾನಂತೆ. ಅಲ್ಲಿನ ಮೇಲ್ವಿಚಾರಕಿ ಫೋನ್ ಮಾಡಿ, “ಏನಾಯ್ತಮ್ಮಾ ನಮ್ಮ ಕೊನೇಸಾಲಿಗೆ? ಇಲ್ಲಿ ಯಾರಿಗೂ ಕೆಲಸ ಸಾಗ್ತಿಲ್ಲ,” ಎಂದರು. ಮಾತು ಕಲಿಸುವ ತಜ್ಞೆಯ ಬಳಿ ಕರೆದುಕೊಂಡು ಹೋದೆ. ಹಾಡು ನಿಂತರೆ ಮಾತೂ ಹಿಂದೆ ಸರಿಯಬಹುದು, ಬೇಗ ಹಾಡಿಸಿ ಎಂದರು. ಸರಿಯುತ್ತಿದೆ. ನೀರು ಬೇಕಾದರೆ ಲೋಟ ತೋರಿಸುತ್ತಾನೆ. ನನ್ನನ್ನು ಕರೆಯಬೇಕಾದರೆ ಮೇಜು ತಟ್ಟುತ್ತಾನೆ. ಮೂವತ್ತಾರು ವರ್ಷ ಒಂದೊಂದೇ ಪದ ಕೂಡಿಸಿಕೊಂಡವನು ಐದು ವಾರದಲ್ಲಿ ಕಳೆದುಕೊಳ್ಳುತ್ತಿದ್ದಾನೆ, ನನಗೆ ಭಯವಾಗುತ್ತಿದೆ.

ನಿಮ್ಮ ಕಾರ್ಯದರ್ಶಿಗಳು ಪರಿಹಾರ ಸೂಚಿಸಿದ್ದಾರೆ. ವರ್ಷಕ್ಕೊಮ್ಮೆ ‘ವಿಶೇಷ ಮಕ್ಕಳ ಭಾನುವಾರ’ ಮಾಡಿ ಅವನ ಕೈಯಲ್ಲಿ ಹಾಡಿಸುತ್ತಾರಂತೆ, ಹೂಗುಚ್ಛವನ್ನೂ ಕೊಡುತ್ತಾರಂತೆ. ಅವನು ಮಗುವಲ್ಲ, ಮೀಸೆ ನರೆಯುತ್ತಿರುವ ಗಂಡಸು. ನಮಗೆ ಹೂವು ಬೇಡ, ಚಪ್ಪಾಳೆ ಬೇಡ, ಮುಂದಿನ ಸಾಲಿನ ಕುರ್ಚಿಯೂ ಬೇಡ. ಬರುವ ಭಾನುವಾರ ಸಂಪುಟದ ಬಿಡುಗಡೆ ಇದೆಯಲ್ಲ, ಅಂದು ಅವನು ನಾಲ್ಕನೇ ಬೆಂಚಿನಲ್ಲಿ ಇರಬೇಕು. ಏಳನೆಯ ಹಾಡಿನ ಕೊನೆಯಲ್ಲಿ ಕಿವಿಯ ಯಂತ್ರ ತೆಗೆದು, ಅವನ ದನಿ ಬರುವ ತನಕ ಆ ಸ್ವರವನ್ನು ಹಿಡಿದಿರಬೇಕು. ಅಂದು ಮಾತ್ರವಲ್ಲ, ಎಂದಿನಂತೆ, ಪ್ರತಿ ವಾರ. ಆಗದಿದ್ದರೆ ಪ್ರಾಮಾಣಿಕವಾಗಿ ಹಾಡನ್ನಾದರೂ ತಿದ್ದಿ. ‘ಟಿಕ್ ಎನ್ನುವ ತನಕ ಕಾಯುವೆವು’ ಎಂದು ಹಾಡಿ, ರಾಗಕ್ಕೂ ಕೂರುತ್ತದೆ.

ಅದಕ್ಕೂ ಮೊದಲು ಇನ್ನೊಂದು ಕೆಲಸ ನೀವೇ ಮಾಡಬೇಕು. ಗಾಜಿನ ಕೋಣೆಯಿಂದ ಮನೆಗೆ ಬರುವ ದಾರಿಯಲ್ಲಿ ಅವನು ನನ್ನನ್ನು ಒಂದು ಪ್ರಶ್ನೆ ಕೇಳಿದ, “ನಾನು... ತಪ್ಪು... ಹಾಡಿದ್ನಾ?” ಅವನು ಕೊನೆಯದಾಗಿ ಆಡಿದ ಪೂರ್ತಿ ಮಾತು ಅದು. ಇಲ್ಲ ಕಣೋ ಎಂದು ನೂರು ಸಲ ಹೇಳಿದ್ದೇನೆ, ನಂಬುವುದಿಲ್ಲ, ಅಕ್ಕ ಹೇಳದೆ ಇನ್ನೇನು ಹೇಳುತ್ತಾಳೆ? ಎಬ್ಬಿಸಿ ಕಳಿಸಿದ ನೀವೇ ಬಂದು ಹೇಳಬೇಕು. ನನ್ನ ಹೊಲಿಗೆ ಅಂಗಡಿಯ ಹಿಂದೆಯೇ ಮನೆ, ಸಂಜೆ ಆರರ ನಂತರ ಅವನಿರುತ್ತಾನೆ. ಬಾಗಿಲು ತಟ್ಟಿದರೆ ಅವನೇ ತೆರೆಯುತ್ತಾನೆ. ಒಳಗೆ ಬನ್ನಿ ಎನ್ನಲು ಅವನಿಗೆ ಹೊತ್ತು ಹಿಡಿಯುತ್ತದೆ, ಈಚೆಗೆ ಇನ್ನೂ ಹೆಚ್ಚು. ನಾನು ಒಳಗೇ ಇರುತ್ತೇನೆ, ಅವನ ಪರವಾಗಿ ಕರೆಯುವುದಿಲ್ಲ. ಅವನು ಕರೆಯುವ ತನಕ ಹೊಸ್ತಿಲಾಚೆ ನಿಂತಿರಿ.

ಇಂತಿ,
ಸಭೆಯ ಪಟ್ಟಿಯಲ್ಲಿ ಇನ್ನೂ ಹೆಸರು ಉಳಿಸಿಕೊಂಡಿರುವ,
ಹಾಡು ಮರೆಯುತ್ತಿರುವವನ ಅಕ್ಕ