ಉಳಿದಿರುವ ಒಂದೇ ಒಂದು ಮೂಳೆಚೂರಿನ ಕುರಿತು

ಆಸ್ಪತ್ರೆಯ ಆಡಳಿತಾಧಿಕಾರಿಗಳಾದ ಮಾನ್ಯರೇ,

ನನ್ನ ತಂಗಿಯ ಮೊಣಕಾಲಿನೊಳಗಿನ ಗಂಟು ಕ್ಯಾನ್ಸರೋ ಅಲ್ಲವೋ, ಅವಳ ಕಾಲು ಉಳಿಯುತ್ತದೋ ಇಲ್ಲವೋ ಎಂದು ಹೇಳಬೇಕಿದ್ದ ಮೂಳೆಯ ಚೂರು ನಿಮ್ಮ ಪ್ರಯೋಗಾಲಯದ ಆಸಿಡ್ಡಿನಲ್ಲಿ ಹಾಳಾಗಿದೆ. ತಪ್ಪು ಪ್ರಯೋಗಾಲಯದವರದ್ದಲ್ಲ, ನಿಮ್ಮ ಸುತ್ತೋಲೆಯದ್ದು. ಯಾವ ಪರೀಕ್ಷೆಯೇ ಆಗಲಿ, ಮೂರು ದಿನದೊಳಗೆ ವರದಿ ಕೈಸೇರಬೇಕೆಂದು ಅಪ್ಪಣೆ ಹೊರಡಿಸಿದ್ದೀರಿ. ರಕ್ತಕ್ಕೂ ಅದೇ ಗಡುವು, ಮೂಳೆಗೂ ಅದೇ ಗಡುವು. ನಿಮ್ಮ ಸಮಾನತೆಯ ಪ್ರಜ್ಞೆಗೆ ತಲೆಬಾಗುತ್ತೇನೆ.

ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಮೊದಲು ಅದರೊಳಗಿನ ಕ್ಯಾಲ್ಸಿಯಂ ತೆಗೆದು ಮೆತ್ತಗೆ ಮಾಡಬೇಕು, ಇಲ್ಲದಿದ್ದರೆ ತೆಳುವಾಗಿ ಕೊಯ್ಯಲು ಬರುವುದಿಲ್ಲ. ನಿಧಾನದ ದ್ರಾವಣದಲ್ಲಿಟ್ಟರೆ ವಾರಗಳೇ ಹಿಡಿಯುತ್ತವೆ, ಆದರೆ ಜೀವಕೋಶಗಳು ಇದ್ದ ಹಾಗೇ ಇರುತ್ತವೆ. ಕಟು ಆಸಿಡ್ಡಿನಲ್ಲಿ ಕ್ಯಾಲ್ಸಿಯಂ ಬೇಗ ಹೋಗುತ್ತದೆ. ತುಸು ಹೆಚ್ಚಾದರೆ ಕೋಶಗಳ ಗುರುತೂ ಅಳಿಸಿಹೋಗುತ್ತದೆ. ಇದನ್ನು ನನಗೆ ಬಿಡಿಸಿ ಹೇಳಿದವರು ನಿಮ್ಮದೇ ಪ್ರಯೋಗಾಲಯದ ಡಾಕ್ಟರು. ಸುತ್ತೋಲೆಗೆ ಸಹಿ ಹಾಕುವ ಮುನ್ನ ಅವರನ್ನು ಒಂದು ಮಾತು ಕೇಳಬಹುದಿತ್ತಲ್ಲವೇ? ಅವರ ಕೋಣೆ ನಿಮ್ಮ ಕೋಣೆಯ ಕೆಳಗೇ ಇದೆ. ಮೆಟ್ಟಿಲಿಳಿಯಲು ನಿಮಗೇನು ಕಾಲುನೋವೇ?

ವರದಿಯೇನೋ ಹೇಳಿದ ಹೊತ್ತಿಗೇ ಬಂತು. ‘ಕೋಶಗಳ ವಿವರ ಕಾಣುತ್ತಿಲ್ಲ, ಅಭಿಪ್ರಾಯ ನೀಡಲಾಗದು’ ಎಂದಿತ್ತು. ನನ್ನ ತಂಗಿ ಬಸ್ ಕಂಡಕ್ಟರ್. ಓದಿ ನಕ್ಕುಬಿಟ್ಟಳು. “ಬಸ್ಸು ಕರೆಕ್ಟ್ ಟೈಮಿಗೆ ಹೊರಡ್ತು ಕಣಣ್ಣ, ಜನ ಮಾತ್ರ ಸ್ಟ್ಯಾಂಡಲ್ಲೇ ಉಳಿದ್ರು” ಅಂದಳು. ಆಮೇಲೆ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು, “ಒಳಗಿರೋ ಗಂಟು ಕೆಟ್ಟದ್ದೇ ಆಗಿದ್ರೆ ಕಾಲು ತೆಗೀಲಿ. ಅಲ್ಲದೇ ಇದ್ದು ತೆಗೆದ್ರೆ?” ಎಂದಳು. ಉತ್ತರ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು ಚೂರು ಕೆಡದಂತೆ ಫಾರ್ಮಾಲಿನ್ ದ್ರವ ತುಂಬಿದ ಡಬ್ಬಿಯಲ್ಲಿದೆ. ಅದೊಂದೇ. ಆ ಜಾಗದ ಮೂಳೆ ಈಗಾಗಲೇ ಸವೆದಿರುವುದರಿಂದ ಮತ್ತೆ ಕೊರೆದರೆ ಮುರಿಯಬಹುದಂತೆ. ಇದನ್ನಾದರೂ ನಿಧಾನದ ದ್ರಾವಣದಲ್ಲಿಡಲು ಬಿಡಿ ಎಂದು ಡಾಕ್ಟರು ಕೇಳಿದ್ದಕ್ಕೆ ‘ಗಡುವಿನಲ್ಲಿ ವಿನಾಯಿತಿ ಇಲ್ಲ’ ಎಂದು ನಿಮ್ಮ ಕಚೇರಿ ಉತ್ತರಿಸಿದೆ. ಸೋಮವಾರ ಅದೂ ಆಸಿಡ್ಡಿಗೆ ಬೀಳಲಿದೆ. ನನಗೆ ಭಯವಾಗುತ್ತಿದೆ, ಮಾನ್ಯರೇ. ಅದನ್ನು ಮುಚ್ಚಿಟ್ಟುಕೊಂಡು ಗಂಭೀರವಾಗಿ ಬರೆಯುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ಸೋಮವಾರದೊಳಗೆ ಒಂದು ಸಾಲಿನ ಆದೇಶ ಕೊಡಿ: ಮೂಳೆಗೆ ಎಷ್ಟು ಸಮಯ ಬೇಕೆಂಬುದನ್ನು ಡಾಕ್ಟರೇ ತೀರ್ಮಾನಿಸಲಿ. ಅಷ್ಟು ಬರೆಯಲು ಪುರುಸೊತ್ತಿಲ್ಲವೆಂದಾದರೆ ಆ ಡಬ್ಬಿಯನ್ನು ನಮಗೆ ವಾಪಸು ಕೊಟ್ಟುಬಿಡಿ. ಅದರಲ್ಲಿರುವುದು ನನ್ನ ತಂಗಿಯ ಮೂಳೆ, ನಿಮ್ಮ ಕಚೇರಿಯ ಸ್ವತ್ತಲ್ಲ. ಕಾಯಲು ಒಪ್ಪುವವರು ಎಲ್ಲಿದ್ದರೂ ಸರಿ, ನಾನೇ ಎದೆಗವುಚಿಕೊಂಡು ಒಯ್ಯುತ್ತೇನೆ.

ಇಂತಿ,
‘ತಡ ಮಾಡಿ’ ಎಂದು ಆಸ್ಪತ್ರೆಯ ಕಾಲು ಹಿಡಿಯುತ್ತಿರುವ, ಬಹುಶಃ ನೀವು ಕಂಡ ಮೊದಲ ಮನುಷ್ಯ