ಗಾಳಿ ನಿಂತ ತೊಟ್ಟಿಗಳು

ಹಾಸ್ಟೆಲ್,
ಗುರುವಾರ ಮಧ್ಯಾಹ್ನ

ಅಮ್ಮಾ,

ಫೋನಿನಲ್ಲಿ ನಿನ್ನ ದನಿ ಕೇಳಿದರೆ ಬಾಯಿ ಕಟ್ಟಿಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿಂತುಕೊಂಡು ಓದಬೇಡ, ಕೂತು ಓದು.

ನನ್ನ ಮೀನುಮರಿಗಳೆಲ್ಲ ಸತ್ತುಹೋದವು. ಆರು ತೊಟ್ಟಿ, ನೂರಿಪ್ಪತ್ತು ಮರಿ. ಮೂರರಲ್ಲಿ ಬಾವಿ ನೀರು, ಮೂರರಲ್ಲಿ ಕಾರ್ಖಾನೆಯ ಹಿಂದಿನ ಹಳ್ಳದ ನೀರು. ಹಳ್ಳದ ನೀರಿನಲ್ಲಿ ಮರಿಗಳು ಬೆಳೆಯುವುದಿಲ್ಲ ಎಂದು ತೋರಿಸುವುದೇ ನನ್ನ ಕೊನೆಯ ವರ್ಷದ ಸಂಶೋಧನೆ. ನೀನು ಆಸ್ಪತ್ರೆಯ ವಾರ್ಡಿನವರಿಗೆಲ್ಲ ಹೇಳಿಕೊಂಡು ಬಂದಿದ್ದೆಯಲ್ಲ, ಅದೇ. ವಿದ್ಯಾರ್ಥಿಗಳ ಸಮ್ಮೇಳನಕ್ಕೂ ಆಯ್ಕೆಯಾಗಿತ್ತು.

ಸೋಮವಾರ ಲ್ಯಾಬಿನ ಬಾಗಿಲು ತೆಗೆಯುತ್ತಿದ್ದಂತೆಯೇ ವಾಸನೆ. ತೊಟ್ಟಿಗಳಿಗೆ ಗಾಳಿ ಬಿಡುವ ಪಂಪು ನಿಂತಿತ್ತು. ಮರಿಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನಿಲ್ಲಿಸಿದ್ದು ಯಾರು ಎಂದು ನಮ್ಮ ಗೈಡ್ ಸರ್ ಕೂಗಾಡಿದರು. ಶನಿವಾರ ಬೀಗ ಹಾಕಿದವರು ಅಟೆಂಡರ್. ನಾವೆಲ್ಲ ಅವರನ್ನು ಕೀಲಿ ಮಾಮ ಎನ್ನುತ್ತೇವೆ. “ನಾನು ನೋಡ್ಬೇಕಿತ್ತು ಸಾರ್, ನಂದೇ ತಪ್ಪು” ಅಂದುಬಿಟ್ಟರು. ನಾನು ಅಲ್ಲೇ ಇದ್ದೆ. ಹೊರಗೆ ಬಂದು ಅವರೇ ನನಗೆ ಸಮಾಧಾನ ಹೇಳಿದರು: “ಅಳ್ಬೇಡ ಮಗಾ, ಇನ್ನೊಂದ್ಸಲ ಮರಿ ತರೋಣ. ಬಕೆಟ್ ನಾನು ಹಿಡ್ಕೊಂಡು ಬರ್ತೀನಿ.”

ಮರುದಿನದಿಂದ ಅವರಿಗೆ ಬರಬೇಡ ಅಂದರು. ಹದಿನಾಲ್ಕು ವರ್ಷ ದುಡಿದರೂ ಗುತ್ತಿಗೆಯ ಕೆಲಸವೇ, ಒಂದು ಮಾತು ಸಾಕಾಯಿತು.

ಅಮ್ಮಾ, ಪಂಪು ನಿಲ್ಲಿಸಿದ್ದು ನಾನು. ಶನಿವಾರ ಸಂಜೆ ಅದರ ಪ್ಲಗ್ ಕಿತ್ತು ಫೋನ್ ಚಾರ್ಜಿಗೆ ಹಾಕಿದ್ದೆ. ಹೊರಡುವಾಗ ಮರೆತೆ.

ನಿನ್ನೆ ಮಾಮನ ಮನೆಗೆ ಹೋದೆ. ಕೆಲಸವಿಲ್ಲದಿದ್ದರೂ ಖಾಕಿ ಅಂಗಿ ಒಗೆದು ಕಿಟಕಿಗೆ ಒಣಹಾಕಿದ್ದರು. ಹೊಸ ಮರಿ ಬಂದವಾ ಎಂದು ಕೇಳಿದರು. ಹೇಳಲೆಂದೇ ಹೋದವಳು ಟೀ ಕುಡಿದು ಎದ್ದು ಬಂದೆ.

ಇವತ್ತು ಬೆಳಿಗ್ಗೆ ಸರ್ ಹತ್ತಿರ ಹೋಗಿ, ಮರೆತವಳು ನಾನು ಎಂದೆ. ಅವರು ಎದ್ದು ಬಾಗಿಲು ಮುಚ್ಚಿದರು. “ಆಗಿದ್ದಾಯ್ತು. ಆ ಜಾಗಕ್ಕೆ ಬೇರೆಯವನು ಬಂದಾಗಿದೆ. ಎಲ್ಲೂ ಬಾಯಿ ಬಿಡ್ಬೇಡ, ನಿನ್ನ ಭವಿಷ್ಯ ಹಾಳಾಗುತ್ತೆ” ಅಂದರು. ಹೊರಗೆ ಬಂದರೆ ಹೊಸಬ ನನ್ನ ತೊಟ್ಟಿಗಳನ್ನು ತಿಕ್ಕಿ ತೊಳೆಯುತ್ತಿದ್ದ.

ನೀನೂ ಆಸ್ಪತ್ರೆಯಲ್ಲಿ ಅಟೆಂಡರ್. ಯಾರೋ ಒಬ್ಬಳು ತನ್ನ ತಪ್ಪನ್ನು ಹೀಗೇ ನಿನ್ನ ತಲೆಗೆ ಕಟ್ಟಿದ್ದರೆ? ಏನು ಮಾಡಲಿ ಎಂದು ಕೇಳುತ್ತಿಲ್ಲ, ಮಾಡಿಯಾಗಿದೆ. ಪ್ರಿನ್ಸಿಪಾಲರ ಕೈಗೆ ಪತ್ರ ಕೊಟ್ಟು ಬಂದಿದ್ದೇನೆ. ನನ್ನ ಡಿಗ್ರಿ ಏನಾಗುತ್ತದೋ ತಿಳಿಯದು. ಮಾಮನನ್ನು ವಾಪಸ್ಸು ಕರೆಯುತ್ತೇವೆ ಎಂದೂ ಅವರು ಹೇಳಲಿಲ್ಲ.

ಬೈಯಿ, ಎಷ್ಟಾದರೂ ಬೈಯಿ. ಮಾತು ಮಾತ್ರ ಬಿಡಬೇಡ.

ನಿನ್ನ ಸಣ್ಣವಳು

ತಾ.ಕ.: ಮರೆತೆ ಎಂದದ್ದು ಸುಳ್ಳು. ಎಂಟು ವಾರವಾದರೂ ಹಳ್ಳದ ನೀರಿನ ಮರಿಗಳು ಬಾವಿ ನೀರಿನವುಗಳಷ್ಟೇ ಚೆನ್ನಾಗಿ ಬೆಳೆದಿದ್ದವು. ನಾನು ಅಂದುಕೊಂಡದ್ದೇ ತಪ್ಪು ಎಂದು ಸಮ್ಮೇಳನದಲ್ಲಿ ಎಲ್ಲರೆದುರು ಹೇಳಲಾರದೆ, ಬೇಕೆಂದೇ ಪ್ಲಗ್ ಕಿತ್ತೆ. ಪ್ರಿನ್ಸಿಪಾಲರಿಗೆ ಇದನ್ನು ಮೊದಲ ಸಾಲಿನಲ್ಲೇ ಬರೆದೆ. ನಿನಗೆ ಬರೆಯಲು ಇಲ್ಲಿಯವರೆಗೂ ಕೈ ಬರಲಿಲ್ಲ.