ಒಂದೇ ಡಬ್ಬಿಯ ಮಾತ್ರೆಗಳು

ಸ್ಫಾಕ್ಸ್,
ಜುಲೈ 20, 2019

ಪ್ರೀತಿಯ ಮಗಳು ಇನ್ಸಾಫ್‌ಗೆ,

ನೀನು, ಅಳಿಯಂದಿರು, ಪುಟ್ಟ ಯೂನುಸ್ ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಬಕ್ರೀದಿಗೆ ಬಿಜೆರ್ತದ ನಿನ್ನ ಮನೆಗೆ ಬಾ ಎಂದು ನೀನು ಕರೆದು ಎಷ್ಟೋ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನ್ ಮಾಡಿದರೆ ಅರ್ಧ ಮಾತಿಗೆ ಮಗು ಅಳುತ್ತದೆ, ಆಮೇಲೆ ಮಾಡ್ತೀನಮ್ಮ ಅಂತ ಇಟ್ಟುಬಿಡುತ್ತೀಯ. ಆ 'ಆಮೇಲೆ' ಬರುವುದೇ ಇಲ್ಲ. ಕಾಗದದಲ್ಲಾದರೆ ನಾನು ಹೇಳಿ ಮುಗಿಸಬಹುದು.

ನಿನ್ನಪ್ಪ ಎಂದಿನಂತೆ ಕಾಫಿ ಅಂಗಡಿಯಲ್ಲಿ ಇಸ್ಪೀಟಿಗೆ ಕೂತಿದ್ದಾರೆ. ಸೆಕೆ ವಿಪರೀತ. ಮದುವೆ ಹೊಲಿಗೆಯ ಕೆಲಸ ರಾಶಿ ಬಿದ್ದಿದೆ, ಆದರೆ ಮತ್ತೆ ಮೊದಲಿನ ಪಾಡೇ ಆಗಿದೆ. ಒಂದು ದಿಂಬಿನ ಅಂಚು ಮುಗಿಸುವುದರೊಳಗೆ ಮೆಷಿನ್ ಬಿಟ್ಟು ಶೌಚಕ್ಕೆ ಓಡಬೇಕು. ರಕ್ತವೂ ಮತ್ತೆ ಶುರುವಾಗಿದೆ. ನಿನ್ನ ಸೋದರತ್ತೆ ಫೌಜಿಯಾ ನಿನ್ನೆ ಬಂದು, ಮುಖ ತುಂಬಿಕೊಂಡಿದೆ, ಆರೋಗ್ಯ ಸುಧಾರಿಸಿದೆ ಎಂದು ಸಂತೋಷಪಟ್ಟಳು. ಅದು ಕಾರ್ಟಿಸೋನ್ ಮಾತ್ರೆಯ ಊತ ಕಣೇ ಎಂದರೆ, ಹಾಗಾದರೆ ಕಣ್ಣುದೃಷ್ಟಿ ಎಂದು ಮನೆ ತುಂಬ ಲೋಬಾನದ ಹೊಗೆ ಹಾಕಿ ಹೋದಳು. ಕೆಮ್ಮಿ ಕೆಮ್ಮಿ ಇನ್ನೆರಡು ಸಲ ಓಡಿದೆ.

ಹೊಸ ಔಷಧದ ಪ್ರಯೋಗ ಏನಾಯಿತು ಎಂದು ಕೇಳಿದ್ದೀಯ. ಅದೇ ಹೇಳಬೇಕಾದದ್ದು. ನನ್ನನ್ನು ಅದರಿಂದ ಹೊರಗೆ ಹಾಕಿದರು.

ಮೊದಲಿಂದ ಹೇಳುತ್ತೇನೆ. ನನ್ನಂತೆ ದೊಡ್ಡ ಕರುಳಲ್ಲಿ ಹುಣ್ಣಾದವರನ್ನು ಡಾಕ್ಟರ್ ಫಂದ್ರಿ ಆಸ್ಪತ್ರೆಗೆ ಕರೆಸಿದ್ದರು. ಅರ್ಧ ಜನಕ್ಕೆ ನಿಜವಾದ ಔಷಧ, ಉಳಿದರ್ಧಕ್ಕೆ ನೋಡಲು ಹಾಗೆಯೇ ಇರುವ ಬರಿ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದು ಎಂದು ನಮಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಕೊನೆಗೆ ಯಾರು ಗುಣವಾದರು ಎಂದು ನೋಡಿ ಔಷಧದ ಯೋಗ್ಯತೆ ತಿಳಿಯಬೇಕು. ಡಾಕ್ಟರ್ ನಿನ್ನ ವಯಸ್ಸಿನ ಹುಡುಗಿ. ಹೇಗಿದ್ದೀರಿ ಎಂದು ಕೇಳಿದಾಗ ನಾನು, ಎಲ್ಲರೂ ಹೇಳುವ ಹಾಗೆ, ಹಮ್ದುಲ್ಲಾ, ಚೆನ್ನಾಗಿದ್ದೀನಿ ಎಂದೆ. ಆಕೆ ಪೆನ್ನು ಕೆಳಗಿಟ್ಟು, "ಅಮ್ಮಾ, ಬೆಳಗ್ಗಿಂದ ಬಂದೋರೆಲ್ಲ ಹಮ್ದುಲ್ಲಾ ಅಂತಿದ್ದಾರೆ. ದೇವರ ದಯೆ ನಂಗೊತ್ತು, ಎಷ್ಟು ಸಲ ಹೋದ್ರಿ ಅದನ್ನ ಹೇಳಿ" ಎಂದಳು. ನಾಚಿಕೆಯಾದರೂ ನಗು ಬಂತು.

ಆ ಮಾತ್ರೆ ನನಗೆ ಹಿಡಿಯಿತು, ಇನ್ಸಾಫ್. ಮೊದಲ ತಿಂಗಳಲ್ಲೇ ರಕ್ತ ನಿಂತಿತು. ಒಂದು ಮಧ್ಯಾಹ್ನ ಮದುವೆಯ ಹಾಸುಬಟ್ಟೆಯೊಂದನ್ನು ಒಮ್ಮೆಯೂ ಏಳದೆ ಹೊಲಿದು ಮುಗಿಸಿದೆ. ಮುಗಿಸಿದ ಮೇಲೆ ಸುಮ್ಮನೆ ಮೆಷಿನ್ ಮುಂದೆ ಕೂತೇ ಇದ್ದೆ.

ಆಸ್ಪತ್ರೆಯಲ್ಲಿ, ಅದೇ ಪ್ರಯೋಗಕ್ಕೆ ಬಂದಿದ್ದ ಶೆದ್ಲಿಯಾ ಸಿಕ್ಕಳು. ಕೆರ್ಕೆನ್ನಾ ದ್ವೀಪದ ಮೀನುಗಾರರ ಮನೆಯವಳು, ಬಾಯಿ ಜೋರು. ಹಡಗಿನಲ್ಲಿ ಓಡುವ ಪಾಡು ಬೇಡವೆಂದು ಹಿಂದಿನ ರಾತ್ರಿಯಿಂದ ಉಪವಾಸವಿದ್ದು ಬರುತ್ತಿದ್ದಳು. ಮೊದಲ ದಿನ ತಪಾಸಣೆ ಮುಗಿದ ಮೇಲೆ ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ ನಾನು ಬುತ್ತಿ ಬಿಚ್ಚಿದೆ. ಹರಿಸ್ಸಾ ಖಾರ ಹಾಕದ, ಕಡಲೆ ಹಾಕದ, ರೋಗಿಷ್ಟರ ಸಪ್ಪೆ ಕುಸ್ಕುಸ್. ಅವಳು ಕೇಳಲೂ ಇಲ್ಲ. ತನ್ನ ಚಮಚ ತೆಗೆದು ನನ್ನ ಬಟ್ಟಲಿಗೆ, ನಾನು ತಿನ್ನುತ್ತಿದ್ದ ಕಡೆಗೇ ಹಾಕಿ, "ಇದನ್ನ ಕುಸ್ಕುಸ್ ಅಂತ ಕರೆದ್ರೆ ಕುಸ್ಕುಸ್ಸಿಗೆ ಅವಮಾನ ಕಣಕ್ಕಾ" ಎಂದಳು. ನನ್ನ ಕೈಯ ಚಮಚ ಹಾಗೇ ನಿಂತುಬಿಟ್ಟಿತು. ಅವಳು ನಕ್ಕು, ತಿನ್ನು ಎಂದಳು. ಆಮೇಲೆ ಪ್ರತಿ ಸಲವೂ ನಾವು ಒಂದೇ ಬಟ್ಟಲಲ್ಲಿ ತಿಂದೆವು.

ನಾನು ಗುಣವಾಗುತ್ತಾ ಹೋದೆ, ಅವಳು ಸೊರಗುತ್ತಾ ಹೋದಳು. ಮಗನ ಮದುವೆ ಹತ್ತಿರ ಬಂದಿತ್ತು. ಮದುವೆಯ ದಿನ ತಾನು ಹೆಣ್ಣಿನ ಮನೆಯವರ ಮುಂದೆ ಕೂರುವುದೋ ಬಚ್ಚಲಿನಲ್ಲಿ ಕೂರುವುದೋ ಎಂದು ತಮಾಷೆ ಮಾಡುತ್ತಲೇ ಅತ್ತುಬಿಟ್ಟಳು. ನಾನು ಯೋಚನೆಯನ್ನೇ ಮಾಡಲಿಲ್ಲ. ಬ್ಸೀಸಾ ಹಿಟ್ಟು ತಂದಿದ್ದ ಡಬ್ಬಿ ಖಾಲಿಯಾಗಿತ್ತು. ನನ್ನ ಮಾತ್ರೆ, ಅವಳ ಮಾತ್ರೆ ಎರಡನ್ನೂ ಅದರಲ್ಲಿ ಸುರಿದು, ಚೆನ್ನಾಗಿ ಕುಲುಕಿ, ಸಮಪಾಲು ಮಾಡಿಕೊಂಡೆವು. ಊಟ ಒಂದೇ ಬಟ್ಟಲಲ್ಲಿ ಆದ ಮೇಲೆ ಮಾತ್ರೆ ಬೇರೆ ಬೇರೆ ಎಂದರೆ ನಮ್ಮಿಬ್ಬರಿಗೂ ಅದು ವಿಚಿತ್ರವಾಗಿ ಕಾಣುತ್ತಿತ್ತು. ಅವಳು ಸ್ವಲ್ಪ ಚೇತರಿಸಿಕೊಂಡಳು, ಮಗನ ಮದುವೆಯಲ್ಲಿ ಕೂತಳು. ನನಗೆ ಸ್ವಲ್ಪ ರಕ್ತ ಮತ್ತೆ ಕಂಡಿತು. ಇರಲಿ, ಇಬ್ಬರಿಗೂ ಅರ್ಧರ್ಧ ಸುಖ ಎಂದುಕೊಂಡೆ.

ಗುಟ್ಟು ಬಯಲಾಯಿತು ಎನ್ನುವ ಹಾಗೂ ಇಲ್ಲ, ಅದು ಗುಟ್ಟೆಂದು ನಮಗೆ ಗೊತ್ತೇ ಇರಲಿಲ್ಲ. ಮಾತ್ರೆ ತಪ್ಪದೆ ತಗೊಳ್ಳುತ್ತಿದ್ದೀರಾ ಎಂದು ಡಾಕ್ಟರ್ ಕೇಳಿದಾಗ ಶೆದ್ಲಿಯಾ ನನ್ನತ್ತ ಕೈತೋರಿಸಿ ಹೆಮ್ಮೆಯಿಂದ, "ಒಂದೂ ಬಿಟ್ಟಿಲ್ಲ ಡಾಕ್ಟ್ರೇ. ನಾವಿಬ್ರೂ ಹಂಚ್ಕೊಳ್ಳೋ ಡಬ್ಬಿ ವಸೀಲಕ್ಕನ ಚೀಲದಲ್ಲಿದೆ, ಬೇಕಾದ್ರೆ ನೋಡಿ" ಎಂದಳು.

ಆ ಹುಡುಗಿಯ ಮುಖ ನೋಡಬೇಕಿತ್ತು ನೀನು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಾ ಕೂತಳು. ಈಗ ನಿಮ್ಮಲ್ಲಿ ಯಾರಿಗೆ ಏನು ಗುಣ ಕಂಡರೂ ಅದು ಯಾವ ಮಾತ್ರೆಯದೆಂದು ಯಾರೂ ಹೇಳಲಾಗದು, ನಿಮ್ಮಿಬ್ಬರನ್ನೂ ನಾನು ಪ್ರಯೋಗದಿಂದ ತೆಗೆಯಲೇಬೇಕು ಎಂದಳು. ಶೆದ್ಲಿಯಾ ವಾದಕ್ಕೆ ನಿಂತಳು. ಹಾಗಾದರೆ ಈ ಅಕ್ಕನಿಗೆ ಮೊದಲಿನ ಮಾತ್ರೆಯನ್ನಾದರೂ ಕೊಡಿ, ಮಾತ್ರೆ ಹಂಚಿಕೊಳ್ಳೋಣ ಎಂದು ಕೇಳಿದವಳು ನಾನು ಎಂದಳು. ಅದು ಸುಳ್ಳು, ಅವಳು ಕೇಳಿರಲಿಲ್ಲ. ಡಾಕ್ಟರ್ ತಲೆಯಾಡಿಸಿದಳು. ಆ ಔಷಧ ಇನ್ನೂ ಅಂಗಡಿಗೆ ಬಂದಿಲ್ಲವಂತೆ, ಬರಲು ವರ್ಷಗಳೇ ಬೇಕಂತೆ.

ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯುತ್ತಿಲ್ಲ. ಡಾಕ್ಟರ್ ಹೇಳಿದ್ದು ಸರಿ. ನಾಳೆ ಸಾವಿರ ಜನ ನುಂಗುವ ಮಾತ್ರೆ, ಅದರ ಲೆಕ್ಕ ನಮ್ಮ ಡಬ್ಬಿಯಲ್ಲಿ ಕಲಸಿಹೋಗಬಾರದು. ಆದರೂ ನನ್ನ ಹೊಟ್ಟೆಗೆ ಅದೆಲ್ಲ ತಿಳಿಯುತ್ತದೆಯೇ? ಕೈಗೆ ಬಂದ ಆರೋಗ್ಯವನ್ನು ವಾಪಸ್ ಕೊಟ್ಟು ಮನೆಗೆ ಬಂದ ಹಾಗಾಗಿದೆ. ಈಗ ಮತ್ತೆ ಅದೇ ಕಾರ್ಟಿಸೋನ್, ಅದೇ ಊದಿದ ಮುಖ. ವಿಮಾ ಕಚೇರಿಯವರು ಒಪ್ಪಿದರೆ ಬೇರೊಂದು ಇಂಜೆಕ್ಷನ್ ಕೊಡಿಸುತ್ತೇನೆ ಎಂದಿದ್ದಾಳೆ ಡಾಕ್ಟರ್. ಹೋದಾಗಲೆಲ್ಲ ಅವರು ಮುಂದಿನ ವಾರ ಬನ್ನಿ ಎನ್ನುತ್ತಾರೆ. ಅವರ ಕಚೇರಿಯ ಶೌಚಾಲಯಕ್ಕೆ ಬೀಗ ಬೇರೆ.

ಹೊರಡುವಾಗ ಡಾಕ್ಟರ್ ನನ್ನನ್ನೊಬ್ಬಳನ್ನೇ ನಿಲ್ಲಿಸಿಕೊಂಡಳು. "ಶೆದ್ಲಿಯಾ ಅವರ ಸಂಕಟ ನಂಗರ್ಥ ಆಗತ್ತೆ. ಆದ್ರೆ ನೀವು ಗುಣ ಆಗ್ತಿದ್ರಿ ಅಮ್ಮಾ. ಯಾಕೆ ಕೊಟ್ರಿ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ.

ಬಕ್ರೀದಿಗೆ ಬರುವ ಮಾತು. ಸ್ಫಾಕ್ಸಿನಿಂದ ಬಿಜೆರ್ತಕ್ಕೆ ದೂರ, ಬಾಡಿಗೆ ವ್ಯಾನಿನವನು ನಾನು ಹೇಳಿದ ಕಡೆಯಲ್ಲೆಲ್ಲ ನಿಲ್ಲಿಸುವುದಿಲ್ಲ. ನೆಪ ಹೇಳುತ್ತೀಯ ಎಂದು ಕೋಪಿಸಿಕೊಳ್ಳಬೇಡ. ಯೂನುಸನಿಗೆ ಒಂದು ಅಂಗಿ ಹೊಲಿದಿದ್ದೇನೆ, ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಭುಜ ಸ್ವಲ್ಪ ದೊಡ್ಡದಾಗಿದೆ, ಬೆಳೆಯುವ ಮಗು. ದೇವರು ನಿನ್ನ ಮನೆಯನ್ನು ತಂಪಾಗಿಡಲಿ, ನಿನ್ನ ಕೈಯ ಅಡುಗೆ ಎಂದೂ ಕಡಿಮೆಯಾಗದಿರಲಿ, ನಿನ್ನ ಮಗನಿಗೆ ನನ್ನ ಆಯಸ್ಸೂ ಸೇರಲಿ.

ನಿನ್ನ ಅಮ್ಮ,
ವಸೀಲಾ

ಮರೆತ ಮಾತು: ಮರೆತಿಲ್ಲ, ಸುಳ್ಳೇಕೆ ಹೇಳಲಿ. ಡಾಕ್ಟರಿಗೆ ಹೇಳದ ಉತ್ತರವನ್ನು ನಿನಗೆ ಹೇಳುತ್ತೇನೆ. ಹೋದ ವರ್ಷದ ಬಕ್ರೀದಿಗೆ ನಿನ್ನ ಮನೆಗೆ ಬಂದಾಗ ಎಲ್ಲರೂ ನಡುವಿನ ದೊಡ್ಡ ಬಟ್ಟಲಿಗೆ ಕೈಹಾಕಿದಿರಿ, ನನಗೆ ಮಾತ್ರ ನೀನು ನೀಲಿ ಅಂಚಿನ ತಟ್ಟೆಯಲ್ಲಿ ಬೇರೆ ಬಡಿಸಿದೆ. ಇದು ಅಂಟುವ ಕಾಯಿಲೆಯಲ್ಲ ಎಂದು ಡಾಕ್ಟರ್ ಹೇಳಿದ್ದನ್ನು ನಿನಗೆ ಹೇಳಿದ್ದೆ. ನೀನು, "ಗೊತ್ತಮ್ಮಾ, ಆದ್ರೂ ಮಗು ಇದೆಯಲ್ಲ" ಎಂದೆ. ನಾನು ಹಮ್ದುಲ್ಲಾ ಎಂದು ತಿಂದೆ. ಆಮೇಲೆ ಅಡುಗೆಮನೆಯಲ್ಲಿ ನೀನು ಆ ತಟ್ಟೆಯನ್ನು ಕೊನೆಗೆ, ಬೇರೆ ಸ್ಪಂಜಿನಲ್ಲಿ ತೊಳೆದೆ. ಅದಾದ ಮೇಲೆ ನನ್ನ ಬಟ್ಟಲಿಗೆ ಚಮಚ ಹಾಕಿದ ಮೊದಲನೆಯವಳು ಶೆದ್ಲಿಯಾ. ಅವಳು ಕೇಳದಿದ್ದರೂ ಅರ್ಧ ಮಾತ್ರೆ ಕೊಟ್ಟೆ. ಕೇಳಿದ್ದರೆ ಎಲ್ಲವನ್ನೂ ಕೊಡುತ್ತಿದ್ದೆ. ವ್ಯಾನಿನವನು ಎಲ್ಲಿಯೂ ನಿಲ್ಲಿಸದಿದ್ದರೂ ಹಬ್ಬಕ್ಕೆ ಬರುತ್ತೇನೆ. ನೀಲಿ ಅಂಚಿನ ತಟ್ಟೆಯನ್ನು ಮಾತ್ರ ಹೊರಗೆ ತೆಗೆಯಬೇಡ.